ಕಿವಿ ಮಶೀನು ಕೊಡುವ ಮುಂಚೆ ಎಲುಬಿನ ದಾರಿಯನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಉಚಿತ ಶ್ರವಣ ತಪಾಸಣಾ ಶಿಬಿರದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಇಷ್ಟು ಜನರ ತಪಾಸಣೆ, ಇಷ್ಟು ಯಂತ್ರಗಳ ವಿತರಣೆ, ವೇದಿಕೆ ಮೇಲಿದ್ದವರ ಹೆಸರು, ಒಂದು ಫೋಟೊ. ಬಂದವರ ಕಿವುಡು ಯಾವ ಬಗೆಯದು ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಎಷ್ಟೋ ಸಲ ಶಿಬಿರದಲ್ಲಿ ಬರೆದುಕೊಟ್ಟ ಚೀಟಿಯಲ್ಲೂ ಇರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಕಿವಿ ಮಂದವಾದವರಿಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ನರ ವೀಕ್ ಆಗ್ಯಾವ, ಮಶೀನ್ ಹಾಕ್ಕೋರಿ." ನರ ಚೆನ್ನಾಗಿಯೇ ಇದ್ದು, ಅದಕ್ಕೆ ಸದ್ದು ಮುಟ್ಟಿಸುವ ಮೂರು ಪುಟ್ಟ ಎಲುಬುಗಳ ದಾರಿ ಕೆಟ್ಟಿರುವವರೂ ಆ ಸರದಿಯಲ್ಲಿ ನಿಂತಿರುತ್ತಾರೆ. ಅವರನ್ನು ಬೇರೆ ಮಾಡಿ ನೋಡುವುದು ಕಷ್ಟದ ಕೆಲಸವಲ್ಲ, ದುಬಾರಿಯೂ ಅಲ್ಲ. ಆ ದಾರಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟದ್ದನ್ನು ಗುರುತಿಸುವುದು ಹೇಗೆ ಎಂದು ಓದುಗರ ಮುಂದಿಡಲು ಈ ಪತ್ರ. ಉದ್ದವಾಗಿದೆ, ಆದರೂ ಜಾಗ ಕೊಡಬೇಕೆಂದು ವಿನಂತಿ.

ಕಿವಿಗೆ ಎಲುಬುಗಳೇಕೆ ಬೇಕು? ಸದ್ದು ಬರುವುದು ಗಾಳಿಯಲ್ಲಿ. ಅದನ್ನು ಗ್ರಹಿಸುವ ಕೂದಲು ಕೋಶಗಳಿರುವುದು ಒಳಗಿವಿಯ ಕಾಕ್ಲಿಯಾ ಎಂಬ ಸುರುಳಿಯಲ್ಲಿ, ನೀರಿನಂಥ ದ್ರವದೊಳಗೆ. ಗಾಳಿಯ ಸದ್ದು ನೀರಿನ ಮೇಲ್ಮೈಗೆ ಬಡಿದರೆ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಷ್ಟೇ ಒಳಗಿಳಿಯುತ್ತದೆ, ಉಳಿದದ್ದು ಹಿಂದಕ್ಕೆ ಹೋಗುತ್ತದೆ. ಬಾವಿಯಲ್ಲಿ ಮುಳುಗಿ ಈಜುವವರಿಗೆ ದಂಡೆಯ ಮೇಲಿನವರ ಮಾತು ಕೇಳಿಸದಿರುವುದು ಇದರಿಂದಲೇ. ಲೆಕ್ಕಕ್ಕೆ ತಂದರೆ ಸುಮಾರು 30 ಡೆಸಿಬೆಲ್ ನಷ್ಟ. ಎದುರಿಗೆ ಕೂತವರ ಸಾಮಾನ್ಯ ಮಾತು 60 ಡೆಸಿಬೆಲ್ ಆಸುಪಾಸು, ಪಿಸುಮಾತು 30ರ ಆಸುಪಾಸು. ಅಂದರೆ ಆ 30 ಕಳೆದುಹೋದರೆ ಮಾತೆಲ್ಲ ಪಿಸುಮಾತೇ. ಈ ನಷ್ಟವನ್ನು ತುಂಬಿಕೊಡುವುದು ನಡುಗಿವಿಯ ಕೆಲಸ.

ಹೊರಗಿನ ಕಿವಿಯ ಕೊಳವೆ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ತುದಿಗೆ ಕಿವಿಯ ಪರದೆ. ಅಡ್ಡಳತೆ 9–10 ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಪರದೆಯ ಆಚೆ ಗಾಳಿ ತುಂಬಿದ ಸಣ್ಣ ಕೋಣೆ, ಅದೇ ನಡುಗಿವಿ. ಆ ಕೋಣೆಯಲ್ಲಿ ಮೂರು ಎಲುಬುಗಳು ತೆಳು ಕಟ್ಟುಗಳಿಂದ ತೂಗುಬಿದ್ದಿವೆ. ಮೊದಲನೆಯದು ಸುತ್ತಿಗೆ ಎಲುಬು, ವೈದ್ಯರು ಮ್ಯಾಲಿಯಸ್ ಎನ್ನುವುದು. ಅದರ ಹಿಡಿಕೆ ಪರದೆಗೇ ಅಂಟಿಕೊಂಡಿರುತ್ತದೆ. ಎರಡನೆಯದು ಅಡಿಗಲ್ಲು ಎಲುಬು, ಅಂದರೆ ಇಂಕಸ್. ಅದರ ಉದ್ದನೆಯ ಕಾಲು ಕೆಳಗಿಳಿದು ಮೂರನೆಯದಕ್ಕೆ ಕೂಡುತ್ತದೆ. ಮೂರನೆಯದು ರಿಕಾಪು, ಸ್ಟೇಪಿಸ್: ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ, ತೂಕ ಮೂರು ಮಿಲಿಗ್ರಾಂ ಆಸುಪಾಸು. ನಮ್ಮ ಮೈಯಲ್ಲಿ ಇದಕ್ಕಿಂತ ಸಣ್ಣ ಎಲುಬಿಲ್ಲ. ಇಟಲಿಯ ಇಂಗ್ರಾಸ್ಸಿಯಾ 1546ರಲ್ಲಿ ನೇಪಲ್ಸ್‌ನಲ್ಲಿ ಇದನ್ನು ಗುರುತಿಸುವ ತನಕ ಅಂಗರಚನಾ ಪಂಡಿತರ ಲೆಕ್ಕದಲ್ಲಿ ಕಿವಿಗೆ ಎರಡೇ ಎಲುಬು. ಇನ್ನೊಂದು ಸೋಜಿಗ: ಹುಟ್ಟಿದ ಕೂಸಿನ ಕಿವಿಯಲ್ಲೂ ಈ ಮೂರೂ ದೊಡ್ಡವರ ಅಳತೆಯಲ್ಲೇ ಇರುತ್ತವೆ, ಮುಂದೆ ಬೆಳೆಯುವುದಿಲ್ಲ. ಹಲ್ಲಿ, ಓತಿಯಂಥ ಜೀವಿಗಳಲ್ಲಿ ದವಡೆಯ ಕೀಲಾಗಿರುವ ಎಲುಬುಗಳೇ ನಮ್ಮಲ್ಲಿ ಸುತ್ತಿಗೆ, ಅಡಿಗಲ್ಲುಗಳಾಗಿವೆ ಎಂದು ಜರ್ಮನಿಯ ರೈಖರ್ಟ್ 1837ರಲ್ಲೇ ತೋರಿಸಿದ್ದರು.

ಪರದೆಯಲ್ಲಿ ಸದ್ದಿಗೆ ನಿಜವಾಗಿ ಅಲುಗುವ ಭಾಗ ಸುಮಾರು 55 ಚದರ ಮಿಲಿಮೀಟರ್. ರಿಕಾಪಿನ ತಳಪಟ್ಟಿ, ಅಂದರೆ ಒಳಗಿವಿಯ ಅಂಡಾಕಾರದ ಕಿಟಕಿಯನ್ನು ಮುಚ್ಚಿಕೊಂಡಿರುವ ಚಪ್ಪಟೆ ತುಣುಕು, 3.2 ಚದರ ಮಿಲಿಮೀಟರ್. ದೊಡ್ಡ ಪರದೆಯ ಮೇಲೆ ಬಿದ್ದ ಒತ್ತಡವೆಲ್ಲ ಹದಿನೇಳನೇ ಒಂದು ಪಾಲಿನಷ್ಟು ಜಾಗಕ್ಕೆ ಬಂದು ಸೇರುತ್ತದೆ. ತೊಗರಿ ಚೀಲ ಹೊಲಿಯುವ ದಬ್ಬಳವನ್ನು ಅಂಗೈಯಿಂದ ಒತ್ತಿದಾಗ ಅದರ ಮೊನೆ ಗೋಣಿಯನ್ನು ತೂರಿ ಹೋಗುವುದೂ ಇದೇ ನ್ಯಾಯದಿಂದ. ಇದರ ಜೊತೆಗೆ ಸುತ್ತಿಗೆಯ ಹಿಡಿಕೆ ಅಡಿಗಲ್ಲಿನ ಕಾಲಿಗಿಂತ ಉದ್ದ. ಸನ್ನೆಯ ಲೆಕ್ಕದಲ್ಲಿ ಬಲ 1.3 ಪಟ್ಟಾಗುತ್ತದೆ. ಹದಿನೇಳನ್ನು ಇದರಿಂದ ಗುಣಿಸಿದರೆ 22 ಪಟ್ಟು ಒತ್ತಡ, ಡೆಸಿಬೆಲ್‌ನಲ್ಲಿ 26–27. ನೀರಿನ ಬಾಗಿಲಲ್ಲಿ ಕಳೆದುಹೋಗಬೇಕಿದ್ದ 30ರಲ್ಲಿ ಬಹುಪಾಲು ಇಲ್ಲೇ ವಾಪಸಾಯಿತು. ವಿದ್ಯುತ್ ಇಲ್ಲ, ಬ್ಯಾಟರಿ ಇಲ್ಲ. ತೀರ ಸಣ್ಣ ಸದ್ದಿಗೆ ಪರದೆ ಅಲುಗುವ ದೂರ ಒಂದು ಪರಮಾಣುವಿನ ಅಡ್ಡಳತೆಗಿಂತಲೂ ಕಡಿಮೆ.

ಇಲ್ಲಿ ಎರಡನೇ ಕಿಟಕಿಯ ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾಕ್ಲಿಯಾ ಗಟ್ಟಿ ಎಲುಬಿನ ಗೋಡೆಯೊಳಗಿದೆ, ಅದರ ದ್ರವ ಒತ್ತಿದರೆ ಕುಗ್ಗುವಂಥದ್ದಲ್ಲ. ರಿಕಾಪು ಒಳಕ್ಕೆ ನೂಕಿದಾಗ ದ್ರವ ಸರಿಯಲು ಎಲ್ಲಾದರೂ ಎಡೆ ಬೇಕು. ಆ ಎಡೆ ಸ್ವಲ್ಪ ಕೆಳಗಿರುವ ದುಂಡು ಕಿಟಕಿ. ತೆಳು ಪೊರೆಯಿಂದ ಮುಚ್ಚಿದ್ದು. ಮೇಲಿನದು ಒಳಗೆ ಹೋದರೆ ಇದು ಹೊರಗೆ ಉಬ್ಬುತ್ತದೆ, ಅದು ಹೊರಬಂದರೆ ಇದು ಒಳಸರಿಯುತ್ತದೆ. ಹೀಗಾದರೆ ಮಾತ್ರ ದ್ರವದಲ್ಲಿ ಅಲೆ ಎದ್ದು ಸುರುಳಿಯ ಉದ್ದಕ್ಕೂ ಸಾಗುತ್ತದೆ. ಕೀಚಲು ಸದ್ದಿಗೆ ಬುಡದ ಹತ್ತಿರ, ದಪ್ಪ ಸದ್ದಿಗೆ ತುದಿಯ ಹತ್ತಿರ ಅಲೆ ಏರುತ್ತದೆ. ಇದನ್ನು ಕಂಡುಹಿಡಿದ ಬೆಕೇಶಿ ಅವರಿಗೆ 1961ರ ನೊಬೆಲ್ ಬಂತು. ಸದ್ದು ಒಂದು ಕಿಟಕಿಗೆ ಎಲುಬುಗಳ ಮೂಲಕ ಬಲವಾಗಿ ಮುಟ್ಟಬೇಕು, ಇನ್ನೊಂದಕ್ಕೆ ಪರದೆ ಅಡ್ಡವಿರಬೇಕು. ಎರಡಕ್ಕೂ ಒಂದೇ ಹೊತ್ತಿಗೆ ಒಂದೇ ಬಲದಲ್ಲಿ ಬಡಿದರೆ ದ್ರವ ಎತ್ತಲೂ ಸರಿಯುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ರೋಗಿಗಳನ್ನೂ ಕೆಲವೊಮ್ಮೆ ವೈದ್ಯರನ್ನೂ ಗೊಂದಲಕ್ಕೆ ಕೆಡಹುವ ಒಂದು ಸಂಗತಿ ಅರ್ಥವಾಗುತ್ತದೆ. ಪರದೆಯಲ್ಲಿ ಸಣ್ಣ ತೂತಾದರೆ 10–15 ಡೆಸಿಬೆಲ್, ದೊಡ್ಡದಾದರೆ 40ರ ತನಕ ನಷ್ಟ. ಪರದೆ ಹರಿದು ಎಲುಬಿನ ಕೊಂಡಿಯೂ ಕಳಚಿದ್ದರೆ ಇನ್ನೂ ಹೆಚ್ಚು. ಆದರೆ ಎಲ್ಲಕ್ಕಿಂತ ಹೆಚ್ಚಿನ ನಷ್ಟ, ಸುಮಾರು 60 ಡೆಸಿಬೆಲ್, ಆಗುವುದು ಪರದೆ ಪೂರ್ತಿ ಚೆನ್ನಾಗಿದ್ದು ಹಿಂದೆ ಕೊಂಡಿ ತಪ್ಪಿದಾಗ. ಎಲುಬುಗಳು ಸದ್ದು ಸಾಗಿಸುವುದಿಲ್ಲ, ಗಟ್ಟಿ ಪರದೆ ಕಿಟಕಿಗಳಿಗೆ ನೇರವಾಗಿ ಸದ್ದು ಬೀಳಲೂ ಬಿಡುವುದಿಲ್ಲ. ಟಾರ್ಚ್ ಹಾಕಿ ನೋಡಿ "ಪರದಾ ಛಲೋ ಅದ" ಎಂದ ಮಾತ್ರಕ್ಕೆ ನಡುಗಿವಿ ಸರಿಯಿದೆ ಎಂದಲ್ಲ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಅಡಿಗಲ್ಲು–ರಿಕಾಪಿನ ಕೀಲು ಕಳಚುವುದು ಗೊತ್ತಿರುವ ಸಂಗತಿ. ಕಿವಿಯಿಂದ ಬಂದ ರಕ್ತ ನಿಂತು, ಪರದೆ ಕೂಡಿಕೊಂಡು ಎರಡು ತಿಂಗಳಾದ ಮೇಲೂ ಕಿವಿ ಮಂದವೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನಮ್ಮ ಭಾಗದಲ್ಲಿ ಹೆಚ್ಚು ಕಾಣುವುದು ಕಿವಿ ಸೋರುವ ಕಾಯಿಲೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಯೂಸ್ಟೇಶಿಯನ್ ನಾಳವೊಂದಿದೆ, ದೊಡ್ಡವರಲ್ಲಿ ಮೂರೂವರೆ ಸೆಂಟಿಮೀಟರ್ ಉದ್ದ. ಉಗುಳು ನುಂಗಿದಾಗ, ಆಕಳಿಸಿದಾಗ ಇದು ತೆರೆದು ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡುತ್ತದೆ. ಮಕ್ಕಳಲ್ಲಿ ಇದು ಗಿಡ್ಡ, ಹೆಚ್ಚು ಅಡ್ಡ; ನೆಗಡಿಯ ಸೋಂಕು ಸಲೀಸಾಗಿ ಮೇಲೇರುತ್ತದೆ. ಕೂಸನ್ನು ಮಲಗಿಸಿ ಬಾಟಲಿ ಹಾಲು ಕುಡಿಸುವುದು, ಮನೆಯೊಳಗಿನ ಬೀಡಿ, ಒಲೆಯ ಹೊಗೆ ಇದಕ್ಕೆ ಕುಮ್ಮಕ್ಕು. ನಾಳ ಮುಚ್ಚಿಕೊಂಡರೆ ನಡುಗಿವಿಯಲ್ಲಿ ಅಂಟು ನೀರು ತುಂಬುತ್ತದೆ. ಎಲುಬುಗಳು ನೀರಲ್ಲಿ ತೊಯ್ದು ಭಾರವಾಗಿ 20–30 ಡೆಸಿಬೆಲ್ ಇಳಿಯುತ್ತದೆ. ನೋವಿಲ್ಲ, ಸೋರುವುದಿಲ್ಲ, ಮಗು ಟೀವಿ ಸದ್ದು ಏರಿಸುತ್ತದೆ, ಹಿಂದಿನ ಬೆಂಚಿನಿಂದ ಕರೆದರೆ ಓಗೊಡುವುದಿಲ್ಲ, ಶಾಲೆಯಲ್ಲಿ ದಡ್ಡ ಎನಿಸಿಕೊಳ್ಳುತ್ತದೆ. ಇಂಥ ನೀರು ಬಹಳ ಮಕ್ಕಳಲ್ಲಿ ಮೂರು ತಿಂಗಳಲ್ಲಿ ತಾನಾಗಿಯೇ ಇಂಗುತ್ತದೆ, ಅದಕ್ಕೇ ವೈದ್ಯರು ಮೊದಲು ಕಾಯುತ್ತಾರೆ. ಇಂಗದೆ ಎರಡೂ ಕಿವಿ ಮಂದವೇ ಉಳಿದರೆ ಪರದೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ನಳಿಕೆ ಕೂರಿಸುತ್ತಾರೆ. ಆರರಿಂದ ಹನ್ನೆರಡು ತಿಂಗಳಲ್ಲಿ ಅದು ತಾನೇ ಹೊರಬೀಳುತ್ತದೆ. ಸೀಳು ಅಂಗುಳದ ಮಕ್ಕಳಲ್ಲಿ ಈ ನೀರು ಇದ್ದೇ ಇದೆ ಎಂದು ತಿಳಿದೇ ನೋಡಬೇಕು.

ಸೋಂಕು ಮತ್ತೆ ಮತ್ತೆ ಬಂದು ಪರದೆ ತೂತಾಗಿ ವರ್ಷಗಟ್ಟಲೆ ಸೋರಿದರೆ ಎಲುಬುಗಳು ಸವೆಯುತ್ತವೆ. ಮೊದಲು ಹೋಗುವುದು ಸಾಮಾನ್ಯವಾಗಿ ಅಡಿಗಲ್ಲಿನ ಉದ್ದ ಕಾಲಿನ ತುದಿ. ಅದು ತೆಳು, ಕೋಣೆಯ ನಡುವೆ ನೇತಾಡುತ್ತದೆ, ರಕ್ತ ಸರಬರಾಜು ಅಲ್ಲಿಗೆ ಕಡಿಮೆ. ಕೀವಿನ ಉರಿಯೂತದಲ್ಲಿ ಮೊದಲು ಸೊರಗುವುದು ಅದೇ. ಸೋರುವ ಕಿವಿಯಲ್ಲಿ ಎರಡು ಜಾತಿ. ಪರದೆಯ ನಡುವೆ ತೂತಿದ್ದು, ನೆಗಡಿಯಾದಾಗ ಸಿಂಬಳದಂಥ ವಾಸನೆಯಿಲ್ಲದ ಸೋರಿಕೆ ಬರುವುದು ಒಂದು. ಪರದೆಯ ಮೇಲಂಚಿನಲ್ಲಿ ಗುಂಡಿ ಬಿದ್ದು, ಚರ್ಮದ ಪೊರೆ ಒಳಗೆ ಗಂಟುಗಟ್ಟಿ, ಸ್ವಲ್ಪವೇ ಆದರೂ ಗಬ್ಬು ವಾಸನೆಯ ಕೀವು ಬರುವುದು ಇನ್ನೊಂದು. ಇದಕ್ಕೆ ಕೊಲೆಸ್ಟಿಯಟೋಮಾ ಎನ್ನುತ್ತಾರೆ. ಇದು ಎಲುಬನ್ನು ಕರಗಿಸುತ್ತಾ ಹೋಗುತ್ತದೆ. ಇದರಲ್ಲಿ ಒಂದು ಮೋಸವಿದೆ. ಅಡಿಗಲ್ಲು ಕರಗಿಹೋದ ಜಾಗದಲ್ಲಿ ಈ ಗಂಟೇ ಸೇತುವೆಯಾಗಿ ನಿಂತು ಸದ್ದು ದಾಟಿಸುವುದುಂಟು. "ಕೀವು ಬರ್ತದ, ಆದ್ರ ಕಿವಿ ಛಲೋ ಕೇಳ್ತದ" ಎನ್ನುವವರನ್ನು ಆ ಮಾತಿನ ಮೇಲೆ ಮನೆಗೆ ಕಳಿಸುವಂತಿಲ್ಲ. ವಾಸನೆಯ ಕೀವು ಇದ್ದರೆ ಕೇಳಿಸುವಿಕೆ ಹೇಗೇ ಇರಲಿ, ಸೂಕ್ಷ್ಮದರ್ಶಕದಲ್ಲಿ ಕಿವಿ ನೋಡಲೇಬೇಕು, ಬೇಕೆನಿಸಿದರೆ ಸಿ.ಟಿ. ಸ್ಕ್ಯಾನ್ ಆಗಬೇಕು.

ಮೂರನೆಯದು ಸೋರಿಕೆಯೂ ಇಲ್ಲದ, ಪೆಟ್ಟೂ ಇಲ್ಲದ ಕಾಯಿಲೆ: ಓಟೊಸ್ಕ್ಲಿರೋಸಿಸ್. ರಿಕಾಪಿನ ತಳಪಟ್ಟಿಯ ಸುತ್ತ ಹೊಸ ಎಲುಬು ಬೆಳೆದು ಅದನ್ನು ಕಿಟಕಿಗೆ ಕಚ್ಚಿ ಹಿಡಿಯುತ್ತದೆ. ಹೆಂಗಸರಲ್ಲಿ ಹೆಚ್ಚು, ವಯಸ್ಸು ಇಪ್ಪತ್ತರಿಂದ ನಲವತ್ತೈದರೊಳಗೆ, ಮನೆತನದಲ್ಲಿ ಬರುವುದೂ ಉಂಟು. ಬಾಣಂತನದ ನಂತರ ಕಿವಿ ಮಂದವಾಯಿತು ಎನ್ನುವವರಲ್ಲಿ ಇದನ್ನು ಮರೆಯಬಾರದು. ಇವರು ಮೆಲ್ಲಗೆ ಮಾತಾಡುತ್ತಾರೆ. ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ ಉಳಿದವರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ಗದ್ದಲದಲ್ಲಿ ಎದುರಿನವರು ದನಿ ಎತ್ತುತ್ತಾರೆ, ಗದ್ದಲ ಮಾತ್ರ ಇವರ ಒಳಗಿವಿಗೆ ಪೂರ್ತಿ ಮುಟ್ಟುವುದಿಲ್ಲ. ನರ ಸೋತವರದು ಇದಕ್ಕೆ ತದ್ವಿರುದ್ಧ: ಗದ್ದಲದಲ್ಲಿ ಅವರಿಗೆ ಏನೂ ತಿಳಿಯುವುದಿಲ್ಲ. ಇದೊಂದು ಪ್ರಶ್ನೆಯನ್ನು ಶಿಬಿರದಲ್ಲಿ ಎಲ್ಲರಿಗೂ ಕೇಳಬಹುದು, ಖರ್ಚಿಲ್ಲ.

ಕಪಾಳಕ್ಕೆ ಹೊಡೆದು ಪರದೆ ಹರಿಯುವುದೂ ಇಲ್ಲಿ ಅಪರೂಪವಲ್ಲ, ಮನೆಯಲ್ಲೂ ಶಾಲೆಯಲ್ಲೂ. ಅಂಗೈ ಕಿವಿಯ ಬಾಯಿಗೆ ಸರಿಯಾಗಿ ಕೂತರೆ ಕೊಳವೆಯ ಗಾಳಿ ಒತ್ತರಿಸಿ ಪರದೆ ಸೀಳುತ್ತದೆ. ಇಂಥ ಹರಕು ಹೆಚ್ಚಿನಂಶ ಮೂರು ತಿಂಗಳೊಳಗೆ ಮದ್ದಿಲ್ಲದೆ ಮಾಯುತ್ತದೆ. ಷರತ್ತು ಒಂದೇ, ನೀರು, ಎಣ್ಣೆ, ಹನಿ ಔಷಧ ಏನೂ ಒಳಗೆ ಹೋಗಬಾರದು. ಮೂಗಿನ ಸಿಂಬಳವನ್ನು ಜೋರಾಗಿ ಊದಿ ತೆಗೆಯಲೂಬಾರದು. ವೆಲ್ಡಿಂಗ್ ಕಿಡಿ ಸಿಡಿದು ಆದ ತೂತು ಮಾತ್ರ ಸುಲಭಕ್ಕೆ ಕೂಡುವುದಿಲ್ಲ.

ಎಣ್ಣೆಯ ವಿಷಯ ಬಂತಲ್ಲ. ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಿವಿಗೆ ಬಿಡುವ ರೂಢಿ ಮನೆಮನೆಯಲ್ಲಿದೆ. ಪರದೆ ತೂತಾಗಿದ್ದರೆ ಆ ಎಣ್ಣೆ ನೇರವಾಗಿ ಎಲುಬುಗಳ ಕೋಣೆಗೆ ಇಳಿಯುತ್ತದೆ. ತೂತಿಲ್ಲದಿದ್ದರೂ ಜಿಡ್ಡಿನ ಮೇಲೆ ಧೂಳು ಕೂತು ಬೂಷ್ಟು ಬೆಳೆಯುತ್ತದೆ, ತುರಿಕೆ ಶುರುವಾಗುತ್ತದೆ, ತುರಿಕೆಗೆ ಕಡ್ಡಿ, ಪಿನ್ನು, ಕಡ್ಡಿಯಿಂದ ಗಾಯ. ಸೋರುವ ಕಿವಿಗೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಒಣ ಹತ್ತಿಯನ್ನು ಬತ್ತಿಯಂತೆ ಹೊಸೆದು ಮೆಲ್ಲಗೆ ಇಟ್ಟು ಕೀವು ಹೀರಿಸುವುದು, ತೊಯ್ದರೆ ತೆಗೆದು ಹೊಸದು, ಬತ್ತಿ ಒಣಗಿಯೇ ಹೊರಬರುವ ತನಕ, ದಿನಕ್ಕೆ ಮೂರು ಸಲ. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿ ಉಂಡೆಯನ್ನು ಕಿವಿ ಬಾಯಿಗೆ ಇಡುವುದು. ಬಾವಿ, ಕಾಲುವೆ, ಭೀಮಾ ಹೊಳೆಯ ಈಜು ಬಂದ್. ಹಳೆಯ ಡ್ರಾಪ್ಸ್ ಬಾಟಲಿಯನ್ನು ಮತ್ತೆ ತೆರೆಯಬಾರದು. ಜೆಂಟಮೈಸಿನ್ ಜಾತಿಯ ಹನಿ ತೂತಿನ ಮೂಲಕ ಒಳಗಿವಿ ತಲುಪಿದರೆ ಕೂದಲು ಕೋಶಗಳನ್ನೇ ಕೊಲ್ಲಬಲ್ಲದು. ತೂತಿರುವ ಕಿವಿಗೆ ವೈದ್ಯರು ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಜಾತಿಯದನ್ನು ಬರೆಯುವುದು ಅದಕ್ಕೇ.

ನಡುಗಿವಿಯ ಎರಡು ಸ್ನಾಯುಗಳೇ ಜೋರು ಸದ್ದಿನಿಂದ ಕಿವಿಯನ್ನು ಕಾಯುತ್ತವೆ ಎಂಬ ತಪ್ಪು ನಂಬಿಕೆ ಓದಿದವರಲ್ಲೂ ಇದೆ. ಜೋರು ಸದ್ದಿಗೆ ರಿಕಾಪಿನ ಸ್ನಾಯು ಬಿಗಿದು ಎಲುಬುಗಳ ಓಡಾಟ ತಗ್ಗಿಸುತ್ತದೆ ಎಂಬುದು ನಿಜ. ಆದರೆ ಅದು ಬಿಗಿಯಲು ಮೂವತ್ತು–ನಲವತ್ತು ಮಿಲಿಸೆಕೆಂಡಾದರೂ ಬೇಕು. ಪಟಾಕಿ, ಬಂದೂಕಿನ ಸದ್ದು ಅಷ್ಟರೊಳಗೆ ಒಳಗೆ ಹೋಗಿ ಮುಗಿದಿರುತ್ತದೆ. ತಡೆಯುವುದೂ ಹೆಚ್ಚಾಗಿ ದಪ್ಪ ಸದ್ದನ್ನಷ್ಟೇ, ಎಡೆಬಿಡದ ಗದ್ದಲದಲ್ಲಿ ಸ್ನಾಯು ದಣಿಯುತ್ತದೆ. ಶಹಾಬಾದ್ ಕಲ್ಲು ಕೊಯ್ಯುವ ಮಶೀನುಗಳ ಮುಂದೆ, ದಾಲ್ ಮಿಲ್‌ಗಳಲ್ಲಿ, ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಪಕ್ಕದಲ್ಲಿ ಕಿವಿಗೆ ಇದೇ ರಕ್ಷೆ ಎಂದು ಕೂರುವಂತಿಲ್ಲ. ಕಾರ್ಖಾನೆಗಳಿಗೆ ನಮ್ಮ ದೇಶದ ಮಿತಿ ಎಂಟು ತಾಸಿಗೆ 90 ಡೆಸಿಬೆಲ್. ಅಲ್ಲಿ ಬೇಕಾದದ್ದು ಸ್ಪಂಜಿನ ಇಯರ್‌ಪ್ಲಗ್ ಅಥವಾ ಇಯರ್‌ಮಫ್. ಹತ್ತಿ ತುರುಕಿದರೆ ಪ್ರಯೋಜನ ಅತ್ಯಲ್ಪ. ಗದ್ದಲದಿಂದ ಸಾಯುವುದು ಕೂದಲು ಕೋಶಗಳು. ಅದು ನರದ ಕಿವುಡು, ಎಲುಬಿನದ್ದಲ್ಲ, ಅದಕ್ಕೆ ಆಪರೇಷನ್ ಇಲ್ಲ.

ಇನ್ನು ಪರೀಕ್ಷೆ. ಎಲ್ಲದರ ತಿರುಳು ಒಂದೇ: ಗಾಳಿಯ ದಾರಿಯಲ್ಲಿ ಸದ್ದು ಕೊಟ್ಟು ನೋಡುವುದು, ತಲೆಯ ಎಲುಬಿನ ಮೂಲಕ (ಪರೀಕ್ಷೆಯಲ್ಲಿ ಎಲುಬಿನ ದಾರಿ ಎಂದರೆ ಇದು, ಕಿವಿಯೊಳಗಿನ ಮೂರು ಪುಟ್ಟ ಎಲುಬುಗಳಲ್ಲ) ಕೊಟ್ಟು ನೋಡುವುದು, ಎರಡನ್ನೂ ಹೋಲಿಸುವುದು. ತಲೆಬುರುಡೆಗೆ ಕೊಟ್ಟ ಕಂಪನ ನಡುಗಿವಿಯನ್ನು ಬಿಟ್ಟು ನೇರ ಕಾಕ್ಲಿಯಾಕ್ಕೆ ಹೋಗುತ್ತದೆ. ಗಾಳಿಯಲ್ಲಿ ಕೇಳದೆ ಎಲುಬಿನಲ್ಲಿ ಚೆನ್ನಾಗಿ ಕೇಳಿದರೆ ನರ ಸರಿ, ದಾರಿ ಕೆಟ್ಟಿದೆ. ಎರಡರಲ್ಲೂ ಒಂದೇ ಮಟ್ಟಕ್ಕೆ ಇಳಿದಿದ್ದರೆ ತೊಂದರೆ ಒಳಗಿವಿಯದು.

ಇದಕ್ಕೆ 512 ಹರ್ಟ್ಸ್‌ನ ಶ್ರುತಿಕವೆ (ಬಡಿದರೆ ಒಂದೇ ಸ್ವರದಲ್ಲಿ ಮಿಡಿಯುವ ಕವಲುಕಡ್ಡಿ, ಟ್ಯೂನಿಂಗ್ ಫೋರ್ಕ್) ಸಾಕು. ಅದನ್ನು ಮೇಜಿಗೆ ಬಡಿಯಬಾರದು, ಬೇರೆ ಸ್ವರಗಳೂ ಏಳುತ್ತವೆ, ಮೊಣಕೈಗೆ ಬಡಿಯಬೇಕು. ಮೊದಲು ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು, ತಕ್ಷಣ ಕವಲುಗಳನ್ನು ಕಿವಿ ಬಾಯಿಯಿಂದ ಎರಡು ಸೆಂಟಿಮೀಟರ್ ದೂರಕ್ಕೆ ತಂದು "ಹಿಂದ ಜೋರೋ, ಮುಂದ ಜೋರೋ" ಎಂದು ಕೇಳುವುದು. ಸರಿಯಿದ್ದ ಕಿವಿಗೂ, ನರ ಸೋತ ಕಿವಿಗೂ ಮುಂದೆ ಜೋರು. ಹಿಂದೆ ಜೋರಾದರೆ ನಡುಗಿವಿಯಲ್ಲಿ ಸುಮಾರು 20–25 ಡೆಸಿಬೆಲ್‌ಗಿಂತ ಹೆಚ್ಚು ತಡೆ ಇದೆ. ಇದು 1855ರ ರಿನ್ನೆ ಪರೀಕ್ಷೆ. ಇದು ಎಡವುವುದು ಒಂದು ಕಿವಿ ಪೂರ್ತಿ ಸತ್ತವರಲ್ಲಿ: ಎಲುಬಿನ ಕಂಪನ ಆಚೆಯ ಒಳ್ಳೆಯ ಕಿವಿಗೆ ದಾಟಿ "ಹಿಂದ ಜೋರು" ಎಂಬ ಉತ್ತರ ಬರುತ್ತದೆ. ಅದಕ್ಕಾಗಿ ಹಣೆಯ ನಡುವೆ ಇಟ್ಟು ಯಾವ ಕಡೆ ಕೇಳುತ್ತದೆಂದು ಕೇಳಬೇಕು. ನಡುಗಿವಿಯ ತೊಂದರೆಯಿದ್ದರೆ ಸದ್ದು ಕೆಟ್ಟ ಕಿವಿಯತ್ತ ವಾಲುತ್ತದೆ, ನರ ಸತ್ತಿದ್ದರೆ ಒಳ್ಳೆಯ ಕಿವಿಯತ್ತ. ಎರಡು ಪರೀಕ್ಷೆಗೂ ಸೇರಿ ಎರಡು ನಿಮಿಷ ಹಿಡಿಯುವುದಿಲ್ಲ. ಆರೋಗ್ಯ ಕೇಂದ್ರಗಳಲ್ಲಿ ಈ ಕವೆ ಇಲ್ಲದಿದ್ದರೆ ತರಿಸುವುದು ದೊಡ್ಡ ಮಾತೇ ಅಲ್ಲ.

ಅಳತೆ ಬೇಕಾದರೆ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಜೋರಾದರೆ ಕೇಳುತ್ತದೆಂದು ತೋರಿಸುವ ನಕ್ಷೆ. ಓದುಗರು ತಮ್ಮ ಕೈಗೆ ಬಂದ ಕಾಗದವನ್ನು ತಾವೇ ನೋಡಿಕೊಳ್ಳಬಹುದು. ಬಲಗಿವಿಯ ಗಾಳಿ ದಾರಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಎಲುಬಿನ ದಾರಿಗೆ ಕೋನದ ಅಥವಾ ಚೌಕದ ಆವರಣ ಚಿಹ್ನೆಗಳು. ಆವರಣ ಚಿಹ್ನೆಗಳು ಮೇಲೆ, ಸೊನ್ನೆ–ಗುಣಿಸುಗಳು ಅವಕ್ಕಿಂತ 15 ಡೆಸಿಬೆಲ್ ಅಥವಾ ಹೆಚ್ಚು ಕೆಳಗೆ ಇದ್ದರೆ ಅದು ನಡುಗಿವಿಯ ಅಥವಾ ಹೊರಗಿವಿಯ ತಡೆ. ಕಾಗದದಲ್ಲಿ ಆವರಣ ಚಿಹ್ನೆಯೇ ಇಲ್ಲದಿದ್ದರೆ ಎಲುಬಿನ ಪರೀಕ್ಷೆ ಮಾಡಿಲ್ಲ ಎಂದರ್ಥ. ಅಂಥ ಕಾಗದದ ಮೇಲೆ "ನರದ ತೊಂದರೆ" ಎಂದು ಬರೆಯಲು ಆಧಾರವೇ ಇಲ್ಲ.

ಪರೀಕ್ಷೆ ಮಾಡಿದರೂ ತಪ್ಪುವ ಜಾಗಗಳಿವೆ. ಫ್ಯಾನು, ಜನರೇಟರ್ ಓಡುವ ಸಭಾಭವನದಲ್ಲಿ 250, 500 ಹರ್ಟ್ಸ್ ಸದ್ದುಗಳು ಮುಳುಗಿ, ಇಲ್ಲದ ಮಂದತನ ಕಾಗದಕ್ಕೆ ಬರುತ್ತದೆ. ಎಲುಬಿಗೆ ಸದ್ದು ಕೊಡಲು ಕಿವಿಯ ಹಿಂದೆ ಇಡುವ ಕಂಪಕವನ್ನು ಕೂದಲು ಅಥವಾ ಸೆರಗಿನ ಮೇಲೆ ಇಟ್ಟರೆ, ಪಟ್ಟಿ ಸಡಿಲಾಗಿದ್ದರೆ ಎಲುಬಿನ ಅಳತೆ ಕೆಟ್ಟದಾಗಿ ಬಂದು ದಾರಿಯ ತೊಂದರೆ ನರದ ತೊಂದರೆಯಂತೆ ಕಾಣುತ್ತದೆ. ಇದಕ್ಕೆ ಉಲ್ಟಾ, ನರ ಪೂರ್ತಿ ಹೋದವರು 250, 500 ಹರ್ಟ್ಸ್‌ನಲ್ಲಿ ಕಂಪಕದ ನಡುಕವನ್ನು ಚರ್ಮದಲ್ಲಿ ಅನುಭವಿಸಿ ಕೈ ಎತ್ತುತ್ತಾರೆ. ಆಗ ಗಾಳಿ ಮತ್ತು ಎಲುಬಿನ ದಾರಿಗಳ ಅಳತೆಯ ನಡುವೆ ಇಲ್ಲದ ಅಂತರ ಹುಟ್ಟುತ್ತದೆ. ಎರಡು ಕಿವಿಗೆ ವ್ಯತ್ಯಾಸವಿದ್ದಾಗ ಒಳ್ಳೆಯ ಕಿವಿ ಉತ್ತರ ಕೊಡದಂತೆ ಅದಕ್ಕೆ ಮುಸುಕು ಸದ್ದು (ಭುಸ್ಸೆನ್ನುವ ಗದ್ದಲ) ಕೊಡದಿದ್ದರೆ ಅಳೆದದ್ದು ಯಾವ ಕಿವಿಯನ್ನು ಎಂದೇ ಹೇಳಲಾಗದು. ಉಪಕರಣವನ್ನು ವರ್ಷಕ್ಕೊಮ್ಮೆ ತಾಳೆ ನೋಡಿಸಿರಬೇಕು.

ಟಿಂಪನೋಮೆಟ್ರಿ ಇನ್ನೊಂದು ನೋವಿಲ್ಲದ ಪರೀಕ್ಷೆ. 226 ಹರ್ಟ್ಸ್ ಸದ್ದು ಕೊಡುತ್ತಾ ಕೊಳವೆಯ ಗಾಳಿ ಒತ್ತಡ ಬದಲಿಸಿ ಪರದೆ ಎಷ್ಟು ಬಾಗುತ್ತದೆಂದು ನೋಡುವುದು. ಗೆರೆ ಚಪ್ಪಟೆ ಬಂದರೆ ಅಲ್ಲಿಗೇ ನಿಲ್ಲದೆ ಪಕ್ಕದಲ್ಲಿ ಬರುವ ಕೊಳವೆಯ ಗಾತ್ರದ ಅಂಕಿ ನೋಡಬೇಕು. ಗಾತ್ರ ಮಾಮೂಲಿ ಇದ್ದರೆ ಒಳಗೆ ನೀರು, ಬಹಳ ಹೆಚ್ಚಿದ್ದರೆ ಪರದೆ ತೂತು, ತೀರ ಕಡಿಮೆಯಿದ್ದರೆ ಗುಗ್ಗೆ ಅಡ್ಡವಿದೆ ಅಥವಾ ಉಪಕರಣದ ಮೂತಿ ಕೊಳವೆಯ ಗೋಡೆಗೆ ತಾಗಿದೆ.

ರಿಪೇರಿ ಸಾಧ್ಯವೇ? ಬಹಳಷ್ಟು ಸಾಧ್ಯ. ತೂತು ಮುಚ್ಚಲು ಕಿವಿಯ ಮೇಲ್ಗಡೆಯ ಸ್ನಾಯುವಿನ ಹೊದಿಕೆಯಿಂದ ತೆಳು ಪೊರೆ ತೆಗೆದು ಪರದೆಗೆ ತೇಪೆ ಹಾಕುತ್ತಾರೆ; ಅದಕ್ಕೆ ಮುಂಚೆ ಕಿವಿ ಕೆಲವು ವಾರ ಒಣಗಿದ್ದರೆ ಒಳಿತು. ಸವೆದ ಅಡಿಗಲ್ಲನ್ನು ಹೊರತೆಗೆದು ಕೆತ್ತಿ ರಿಕಾಪಿಗೂ ಸುತ್ತಿಗೆಗೂ ನಡುವೆ ಕೂರಿಸುವುದುಂಟು, ಕಿವಿಯ ಮೃದ್ವಸ್ಥಿ ಅಥವಾ ಟೈಟೇನಿಯಂ ತುಣುಕು ಬಳಸುವುದೂ ಉಂಟು. ಗಿಡ್ಡವಾದರೆ ಕೊಂಡಿ ಜಾರುತ್ತದೆ, ಉದ್ದವಾದರೆ ಪರದೆ ತೂರಿ ಹೊರಬರುತ್ತದೆ, ಅಳತೆಯಲ್ಲೇ ಗೆಲುವು. ಕಚ್ಚಿಕೊಂಡ ರಿಕಾಪಿಗೆ ಅಮೆರಿಕದ ಜಾನ್ ಶೀ 1956ರಲ್ಲಿ ತೋರಿಸಿದ ದಾರಿ ಈಗಲೂ ಮುಂದುವರಿದಿದೆ. ಈಗ ತಳಪಟ್ಟಿಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ರಂಧ್ರ ಕೊರೆದು 0.4ರಿಂದ 0.6 ಮಿಲಿಮೀಟರ್ ದಪ್ಪದ ಪಿಸ್ಟನ್ ಇಳಿಸಿ, ಅದರ ಕೊಕ್ಕೆಯನ್ನು ಅಡಿಗಲ್ಲಿನ ಕಾಲಿಗೆ ಸಿಕ್ಕಿಸುತ್ತಾರೆ. ಇದರಲ್ಲಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಇದ್ದ ಕೇಳಿಸುವಿಕೆಯೂ ಹೋಗುವ ಅಪಾಯವಿದೆ. ಆದ್ದರಿಂದ ಎರಡು ಕಿವಿಯಲ್ಲಿ ಹೆಚ್ಚು ಮಂದವಾದದ್ದನ್ನು ಮೊದಲು ಮಾಡುತ್ತಾರೆ, ಕೇಳುವುದು ಒಂದೇ ಕಿವಿಯಾದರೆ ಅದನ್ನು ಮುಟ್ಟದಿರುವುದೇ ವಿವೇಕ. ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತುವಂತಿಲ್ಲ, ಮೂಗಿನ ಸಿಂಬಳವನ್ನು ಜೋರಾಗಿ ಊದಿ ತೆಗೆಯುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು.

ಮಶೀನು ಬೇಡ ಎಂದು ಈ ಪತ್ರದ ಅರ್ಥವಲ್ಲ. ನರ ಚೆನ್ನಾಗಿದ್ದು ದಾರಿ ಮಾತ್ರ ಕೆಟ್ಟವರಿಗೆ ಮಶೀನು ಎಲ್ಲರಿಗಿಂತ ಹೆಚ್ಚು ಒಗ್ಗುತ್ತದೆ, ಯಾಕೆಂದರೆ ಸದ್ದು ಏರಿಸಿದರೆ ಸಾಕು, ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಆಪರೇಷನ್ ಒಲ್ಲೆ ಎನ್ನುವವರಿಗೆ, ವಯಸ್ಸಾದವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಸೋರುವ ಕಿವಿಗೆ ಬಿಗಿ ಅಚ್ಚು ತುರುಕಿದರೆ ಗಾಳಿಯಾಡದೆ ಸೋರಿಕೆ ಹೆಚ್ಚುತ್ತದೆ, ಮಶೀನಿನ ನಳಿಕೆ ಕೀವಿನಿಂದ ಕಟ್ಟಿಕೊಳ್ಳುತ್ತದೆ, ಕೊನೆಗೆ ಅದು ಗೂಡಿನಲ್ಲಿ ಕೂರುತ್ತದೆ. ಒಳಗೆ ಕೊಲೆಸ್ಟಿಯಟೋಮಾ ಇದ್ದವರಿಗೆ ಮಶೀನು ಕೊಟ್ಟು ಕಳಿಸಿದರೆ ಕೇಳಿಸುತ್ತದೆ ಎಂಬ ಸಮಾಧಾನದಲ್ಲಿ ಗಂಟು ಬೆಳೆಯಲು ಸಮಯ ಕೊಟ್ಟಂತೆ.

ಶಿಬಿರ ಮಾಡುವವರಲ್ಲಿ ಕೇಳುವುದು ಹೆಚ್ಚೇನಿಲ್ಲ. ಮೊದಲು ಕಿವಿಯೊಳಗೆ ನೋಡಿ ಗುಗ್ಗೆ ತೆಗೆಯಿರಿ, ಶ್ರುತಿಕವೆ ಹಿಡಿಯಿರಿ, ಸದ್ದಿಲ್ಲದ ಕೋಣೆಯಲ್ಲಿ ಎರಡೂ ದಾರಿಯ ಆಡಿಯೋಗ್ರಾಂ ಮಾಡಿ, ಅದರ ಪ್ರತಿಯನ್ನು ರೋಗಿಯ ಕೈಗೆ ಕೊಡಿ. ಅಂತರ ಕಂಡವರನ್ನು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕಿವಿ–ಮೂಗು–ಗಂಟಲು ವಿಭಾಗಕ್ಕೆ ಬರೆದು ಕಳಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಕಿವಿ ಸೋರುವುದೂ, ಕೇಳಿಸದಿರುವುದೂ ಅದರ ಪಟ್ಟಿಯಲ್ಲಿವೆ. ತಂಡ ಬಂದ ದಿನ ಶಿಕ್ಷಕರು ತಮಗೆ ಅನುಮಾನವಿರುವ ಮಕ್ಕಳನ್ನು ತಾವೇ ಮುಂದೆ ಕರೆತರಬೇಕು. ನಿಮ್ಮ ವರದಿಗಾರರು ಶಿಬಿರದ ಸುದ್ದಿ ಬರೆಯುವಾಗ ಮಶೀನುಗಳ ಸಂಖ್ಯೆಯ ಜೊತೆಗೆ ಎಷ್ಟು ಜನರಿಗೆ ಎಲುಬಿನ ದಾರಿಯ ಪರೀಕ್ಷೆ ಆಯಿತು, ಎಷ್ಟು ಜನರನ್ನು ಆಸ್ಪತ್ರೆಗೆ ಕಳಿಸಿದರು ಎಂದೂ ಕೇಳಿ ಬರೆಯಲಿ.

ಸೋರುವ ಕಿವಿಯವರಲ್ಲಿ ಶಿಬಿರಕ್ಕಾಗಲಿ, ಮುಂದಿನ ಸೋಮವಾರದ ಓ.ಪಿ.ಡಿ.ಗಾಗಲಿ ಕಾಯಬಾರದ ಲಕ್ಷಣಗಳಿವೆ: ಕಿವಿಯ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ನೂಕಿದಂತಾಗುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು ಅಥವಾ ಒಂದು ಕಣ್ಣು ಮುಚ್ಚಲಾಗದಿರುವುದು, ಸುತ್ತಲಿನದೆಲ್ಲ ಗಿರಗಿರ ತಿರುಗುವುದು, ಜ್ವರದ ಜೊತೆ ಸಹಿಸಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿಯುವುದು, ಮಂಪರು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೆ ರಾತ್ರಿಯೇ, ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.

– ಕಿವಿ, ಮೂಗು, ಗಂಟಲು ವೈದ್ಯರು ಮತ್ತು ಶ್ರವಣ ತಜ್ಞರು, ಕಲಬುರಗಿ